ಕಂಬ ನಮ್ಮೂರದು, ಬಾಡಿಗೆ ಯಾರಿಗೆ?

ಮೊದಲು ಒಂದು ಸಣ್ಣ ಲೆಕ್ಕ. 2019ರ ಫೆಬ್ರವರಿಯಲ್ಲಿ ಟ್ರಾಯ್‌ನ ಹೊಸ ದರ ಪದ್ಧತಿ ಜಾರಿಗೆ ಬಂದಾಗ, ಮನೆಗೆ ಟಿವಿ ಸಂಪರ್ಕ ಇಟ್ಟುಕೊಂಡಿದ್ದಕ್ಕೆ ತಿಂಗಳಿಗೆ ಹೆಚ್ಚೆಂದರೆ 130 ರೂಪಾಯಿ ಮೂಲ ಶುಲ್ಕ ಅಂತ ಗೊತ್ತು ಮಾಡಿದರು. ಅದರ ಮೇಲೆ 18% ಜಿಎಸ್‌ಟಿ, ಅಂದ್ರೆ 23 ರೂಪಾಯಿ 40 ಪೈಸೆ. ಒಟ್ಟು 153 ರೂಪಾಯಿ 40 ಪೈಸೆ. ದುಡ್ಡು ಕೊಟ್ಟು ನೋಡುವ ಚಾನೆಲ್‌ಗಳ ದರ ಇದರ ಮೇಲೆ ಬೇರೆ. 2024ರಲ್ಲಿ ಆ 130ರ ಮಿತಿಯನ್ನೂ ತೆಗೆದುಹಾಕಿದ್ದಾರೆ. ಆದರೂ ಲೆಕ್ಕಕ್ಕೆ ಅದೇ ಸಂಖ್ಯೆ ಇಟ್ಟುಕೊಳ್ಳೋಣ, ಎಲ್ಲರಿಗೂ ನೆನಪಿರೋದು ಅದೇ.

ಈ ದುಡ್ಡಲ್ಲಿ ಯಾರ್ಯಾರಿಗೆ ಪಾಲು? 130 ರೂಪಾಯಿಯನ್ನ ಊರಿನ ಕೇಬಲ್‌ನವನೂ ಅವನಿಗೆ ಸಿಗ್ನಲ್ ಕೊಡೋ ದೊಡ್ಡ ಕಂಪನಿಯೂ ಹಂಚಿಕೊಳ್ತಾರೆ. ತೆರಿಗೆ ದೆಹಲಿಗೂ ಬೆಂಗಳೂರಿಗೂ ಹೋಗುತ್ತೆ. ಮಾನ್ವಿ ತಾಲ್ಲೂಕಿನ ನಮ್ಮ ನೀರಮಾನ್ವಿಯಂಥ ಊರಿನ ಬೀದಿಗಳಲ್ಲಿ ಕಂಬದಿಂದ ಕಂಬಕ್ಕೆ ಜೋತು ಬಿದ್ದು, ಮಾಳಿಗೆ ಮೇಲೆ ಹಾದು ಹೋಗುವ ಈ ವೈರಿನ ಬಿಲ್ಲಿನಲ್ಲಿ ಆ ಊರಿನ ಹೆಸರಲ್ಲಿ ಒಂದು ಸಾಲೂ ಇಲ್ಲ. ಕಂಬ ಜೆಸ್ಕಾಂದು ಅಂತೀರಾ? ಸರಿ, ಕಂಬ ನಿಂತ ಬೀದಿ ಯಾರದು?

ನನ್ನ ವಾದ ಇಷ್ಟೇ. ಊರಿನ ಬೀದಿ ಬಳಸಿ ದುಡಿಯುವ ವೈರು ಊರಿಗೆ ಬಾಡಿಗೆ ಕೊಡಬೇಕು. ಆ ಬಾಡಿಗೆಯಲ್ಲಿ ಊರಿನವರೇ ನಡೆಸುವ, ಊರಿನ ಸುದ್ದಿ ಹೇಳುವ ಒಂದು ಟಿವಿ ಚಾನೆಲ್ ನಡೀಬೇಕು. ಅದು ಯಾರ ದಯೆಯೂ ಆಗಿರಬಾರದು, ಪ್ರಾಜೆಕ್ಟೂ ಆಗಿರಬಾರದು. ಕಾನೂನಿನಲ್ಲಿ ಬರೆದಿಟ್ಟ, ಪ್ರತಿ ತಿಂಗಳು ತಾನೇ ಬಂದು ಬೀಳುವ ಪಾಲಾಗಿರಬೇಕು.

"ಈಗಿನ ಕಾಲದಲ್ಲಿ ಲೋಕಲ್ ಟಿವಿನಾ?" ಅಂತ ನಗ್ತೀರಿ, ಗೊತ್ತು. ಬೆಳ್ಳಂದೂರಿನ ಬಾಡಿಗೆ ಮನೆಯಲ್ಲಿ ಕೂತು ಮೂರು ಓಟಿಟಿಗೆ ದುಡ್ಡು ಕಟ್ಟುವ ನಮಗೆ ಇದು ಹಳೇ ಸಾಮಾನಿನ ಅಂಗಡಿ ಥರ ಕೇಳಿಸುತ್ತೆ. ಅದಕ್ಕೇ ಮೊದಲು ನಮ್ಮ ಕಡೆ ಸುದ್ದಿ ಅಂದ್ರೆ ಏನು ಅಂತ ಹೇಳ್ತೀನಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಕೊಂಡು ಹೋಯಿತು. ಎಲ್ಲ ಚಾನೆಲ್‌ಗಳ ಗಾಡಿಗಳೂ ಬಂದವು, ವಾರಗಟ್ಟಲೆ ಅದೇ ಸುದ್ದಿ. ನದಿಗೆ ನೀರು ನುಗ್ಗುವ ದೃಶ್ಯ ನೀವೂ ನೋಡಿರ್ತೀರಿ. ತಾತ್ಕಾಲಿಕ ಗೇಟ್ ಕೂರಿಸಿದ ಮೇಲೆ ಗಾಡಿಗಳು ವಾಪಸ್ ಹೋದವು. ಎಡದಂಡೆ ನಾಲೆಯ ಕೊನೆ ಭಾಗದಲ್ಲಿರುವ ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತನಿಗೆ ಸುದ್ದಿ ಶುರುವಾಗೋದೇ ಆವಾಗ. ಯಾವ ಮೈಲಿನಲ್ಲಿ ಗೇಜ್ ಎಷ್ಟು ನಿಂತಿದೆ? ಮೇಲೆ ಯಾರು ಅಕ್ರಮವಾಗಿ ನೀರು ಎತ್ತುತ್ತಿದ್ದಾರೆ? ನಮ್ಮ ಉಪಕಾಲುವೆಗೆ ಸರದಿ ಯಾವತ್ತು? ಭತ್ತ ಹಾಕಬೇಕಾ, ಜೋಳಕ್ಕೆ ಹೋಗಬೇಕಾ? ಇದನ್ನ ದಿನಾ ಸಂಜೆ ಹತ್ತು ನಿಮಿಷ ಹೇಳೋದಕ್ಕೆ ಯಾವ ಚಾನೆಲ್ ಇದೆ? ಇನ್ನೂರು ಚಾನೆಲ್ ಬರುವ ಟಿವಿ ಮುಂದೆ ಕೂತು ನಮ್ಮವ್ವ ಹೇಳೋದು ಒಂದೇ ಮಾತು: "ಬೆಂಗಳೂರಾಗ ಮಳಿ ಬಂದ್ರ ನಮ್ಮನಿ ಟಿವಿ ತೊಯ್ತದ. ನಮ್ಮೂರಾಗ ನೀರು ಬರ್ಲಿಲ್ಲಂದ್ರ ಯಾರಿಗೂ ಗೊತ್ತಾಗಂಗಿಲ್ಲ ನೋಡಪ."

2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ಅದು ರಾಜ್ಯದ ಸುದ್ದಿಯಾಗಿದ್ದು ಜೀವ ಹೋದ ಮೇಲೆ. ಸಾವಿನ ಸುದ್ದಿ ಹೇಳೋಕೆ ಎಲ್ಲರೂ ಬರ್ತಾರೆ. ನೀರಿನ ಬಣ್ಣ ಬದಲಾದ ದಿನ, ನೀರು ವಾಸನೆ ಹೊಡೆದ ದಿನ ಕ್ಯಾಮೆರಾ ಹಿಡಿದು ಶುದ್ಧೀಕರಣ ಘಟಕದ ಬಾಗಿಲಿಗೆ ಹೋಗಿ ನಿಲ್ಲೋದಕ್ಕೆ ಸಂಬಳ ಇರುವ ಒಬ್ಬ ಮನುಷ್ಯ ಊರಲ್ಲೇ ಇರಬೇಕು. ಅದೇ 2022ರ ಮೇ ತಿಂಗಳಲ್ಲಿ ರಾಯಚೂರಿಗೆ ಏಮ್ಸ್ ಬೇಕು ಅಂತ ಧರಣಿ ಶುರುವಾಯಿತು. ಅದು ಸಾವಿರ ದಿನ ದಾಟಿತು. ಸಾವಿರ ದಿನ! ಅಷ್ಟು ದಿನಗಳಲ್ಲಿ ನಿಮ್ಮ ಟಿವಿಯಲ್ಲಿ ಅದನ್ನ ಎಷ್ಟು ನಿಮಿಷ ನೋಡಿದ್ರಿ ಅಂತ ನೀವೇ ಲೆಕ್ಕ ಹಾಕಿ.

ಪೇಪರ್ ಓದಬಹುದಲ್ಲ ಅಂದ್ರೆ, 2011ರ ಜನಗಣತಿ ಪ್ರಕಾರ ರಾಯಚೂರು ಜಿಲ್ಲೆಯ ಸಾಕ್ಷರತೆ 59.56%. ರಾಜ್ಯದ್ದು 75.36%. ಓದು ಬಾರದ ನಾಲ್ಕು ಜನರಿಗೆ ಒಬ್ಬರು ಓದಿ ಹೇಳುವ ಮನೆಗಳು ನಮ್ಮವು. ಅಲ್ಲಿ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಸುದ್ದಿಗೆ ಇರುವ ಬೆಲೆ ಬೇರೆ. ಅದೂ ನಮ್ಮ ಮಾತಿನಲ್ಲೇ ಬರಬೇಕು. ರಾಯಚೂರಿನ ಕನ್ನಡ ರಾಜ್ಯದ ದೊಡ್ಡ ಚಾನೆಲ್‌ಗಳಲ್ಲಿ ಕೇಳಿಸೋದು ಹೆಚ್ಚಾಗಿ ಕಾಮಿಡಿ ಶೋನಲ್ಲಿ. ದೇವದುರ್ಗದ ತಾಂಡಾದವರ ಲಂಬಾಣಿ, ಗಡಿ ಕಡೆಯ ತೆಲುಗು, ಪೇಟೆಯ ಉರ್ದು ಅಲ್ಲಂತೂ ಕೇಳಿಸೋದೇ ಇಲ್ಲ.

ಇನ್ನೊಂದು ವಿಷಯ ನಮ್ಮ ಕಡೆಯ ಹುಡುಗರಿಗೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ರಾಯಚೂರು ಜಿಲ್ಲೆಯ ಹಳ್ಳಿಗಳಿಗೆ ಟಿವಿ ಬಂದಿದ್ದು ಬೆಂಗಳೂರಿಗಿಂತ ಮೊದಲು. 1975ರ ಆಗಸ್ಟ್ 1ರಂದು ಇಸ್ರೋ ಮತ್ತು ನಾಸಾ ಸೇರಿ 'ಸೈಟ್' ಅನ್ನೋ ಉಪಗ್ರಹ ಟಿವಿ ಪ್ರಯೋಗ ಶುರು ಮಾಡಿದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ, ಕೋಳಿ ಗೂಡಿಗೆ ಬಳಸುವ ತಂತಿ ಜಾಲರಿಯ ದೊಡ್ಡ ತಟ್ಟೆಯಂಥ ಆಂಟೆನಾ ನೆಟ್ಟು, ಊರಿಗೆಲ್ಲ ಒಂದು ಟಿವಿ ಇಟ್ಟರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ಬೇಸಾಯ, ಆರೋಗ್ಯ, ಒಂದಿಷ್ಟು ಮನರಂಜನೆ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ಆರು ವರ್ಷ ಮುಂದಿದ್ವಿ ಸ್ವಾಮಿ ನಾವು!

ಆಮೇಲೆ ಏನಾಯ್ತು? ಉಪಗ್ರಹ ನಾಸಾದ್ದು, ಒಂದು ವರ್ಷಕ್ಕೆ ಎರವಲು ಕೊಟ್ಟಿದ್ದು. 1976ರ ಜುಲೈ 31ಕ್ಕೆ ಪ್ರಯೋಗ ಮುಗೀತು, ಉಪಗ್ರಹವನ್ನ ಅವರು ವಾಪಸ್ ತಗೊಂಡರು. ಅದರ ಮುಂದುವರಿಕೆಯಾಗಿ 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಕೇಂದ್ರ ಬಂತು. ಕರ್ನಾಟಕದ ಮೊದಲ ಟಿವಿ ಕೇಂದ್ರ ಅದು. 2021ರ ಕೊನೆಗೆ ದೇಶದ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನ ಪ್ರಸಾರ ಭಾರತಿ ಒಂದೊಂದಾಗಿ ನಿಲ್ಲಿಸುತ್ತಾ ಬಂದಾಗ ಕಲಬುರಗಿಯ ಸರದಿಯೂ ಬಂತು. ಕೇಂದ್ರ ಮುಚ್ಚಲ್ಲ, ಕಾರ್ಯಕ್ರಮ ತಯಾರಿ ಮುಂದುವರಿಯುತ್ತೆ, ಅವು ಉಪಗ್ರಹ ಚಾನೆಲ್‌ನಲ್ಲೂ ಡಿಜಿಟಲ್‌ನಲ್ಲೂ ಬರುತ್ತವೆ ಅಂತ ಸ್ಪಷ್ಟನೆ ಕೊಟ್ಟರು. ಎಂಜಿನಿಯರ್ ಆಗಿ ನಾನು ಆ ಹಳೇ ಟ್ರಾನ್ಸ್‌ಮಿಟರ್‌ಗೆ ಕಣ್ಣೀರು ಹಾಕಲ್ಲ. ಹಳೇ ತಂತ್ರಜ್ಞಾನ ಹೋಗಬೇಕಾದ್ದೇ. ಆದ್ರೆ ನೋಡಿ, ಶುರು ಮಾಡುವ ತೀರ್ಮಾನ ಒಮ್ಮೆ ಅಹಮದಾಬಾದ್‌ನಲ್ಲಿ ಆಯ್ತು, ನಿಲ್ಲಿಸುವ ತೀರ್ಮಾನ ದೆಹಲಿಯಲ್ಲಿ ಆಯ್ತು. ಸೈಟ್‌ನ ಕನ್ನಡ ಕಾರ್ಯಕ್ರಮಗಳು ತಯಾರಾಗಿದ್ದೂ ಹೈದರಾಬಾದ್‌ನಲ್ಲಿ. ಸುಮಾರು ಐವತ್ತು ವರ್ಷದಲ್ಲಿ ಒಂದು ಸಲವೂ ನಮ್ಮ ಹಳ್ಳಿಯವರ ಕೈಗೆ ಮೈಕು, ಹಣದ ಪುಸ್ತಕ ಎರಡೂ ಒಟ್ಟಿಗೆ ಬರಲಿಲ್ಲ.

ಮೈಕು ಕೈಗೆ ಬಂದ ಊರು ಒಂದಿದೆ, ಕೋಲಾರ ಜಿಲ್ಲೆಯ ಬೂದಿಕೋಟೆ. ಹೈದರಾಲಿ ಹುಟ್ಟಿದ ಊರು. ಈ ಶತಮಾನದ ಶುರುವಿನಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಅಲ್ಲಿ 'ನಮ್ಮ ಧ್ವನಿ' ಶುರು ಮಾಡಿದವು. ಹಳ್ಳಿಯ ಹೆಣ್ಣುಮಕ್ಕಳು ಕಾರ್ಯಕ್ರಮ ಮಾಡಿದರು. ಆಗ ಇಂಥವರಿಗೆ ರೇಡಿಯೋ ಲೈಸೆನ್ಸ್ ಕೊಡ್ತಿರಲಿಲ್ಲ. ಏನು ಮಾಡಿದರು ಗೊತ್ತಾ? ಗಾಳಿಯಲ್ಲಿ ಕಳಿಸೋ ಹಾಗಿಲ್ಲ ಅಂದ್ರೆ ವೈರಿನಲ್ಲಿ ಕಳಿಸ್ತೀವಿ ಅಂತ ಟಿವಿ ಕೇಬಲ್‌ನಲ್ಲೇ ತಮ್ಮ ದನಿಯನ್ನ ಮನೆಮನೆಗೆ ಕಳಿಸಿದರು. ನಮ್ಮ ಇಂಡಸ್ಟ್ರಿಯಲ್ಲಿ ಇದನ್ನ ವರ್ಕ್‌ಅರೌಂಡ್ ಅಂತೀವಿ. ಇಷ್ಟು ಚೆಂದದ್ದು ನಾನು ಇನ್ನೊಂದು ನೋಡಿಲ್ಲ. ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ಬಾಗಿಲು ತೆಗೆದಿದ್ದು 2006ರ ನವೆಂಬರ್‌ನಲ್ಲಿ.

ಸಮುದಾಯ ರೇಡಿಯೋಗೆ ಕೊನೇಪಕ್ಷ ಒಂದು ನೀತಿ ಇದೆ. 2024ರ ಫೆಬ್ರವರಿಯಲ್ಲಿ ಅವುಗಳ ಜಾಹೀರಾತು ಸಮಯವನ್ನ ಗಂಟೆಗೆ 7ರಿಂದ 12 ನಿಮಿಷಕ್ಕೆ, ಸರ್ಕಾರಿ ಜಾಹೀರಾತಿನ ದರವನ್ನ 10 ಸೆಕೆಂಡಿಗೆ 52ರಿಂದ 74 ರೂಪಾಯಿಗೆ ಏರಿಸಿದರು. ಆದರೂ ಅವು ಸ್ವಂತ ಸುದ್ದಿ ಹೇಳೋ ಹಾಗಿಲ್ಲ, ಆಕಾಶವಾಣಿ ಸುದ್ದಿಯನ್ನೇ ಮರುಪ್ರಸಾರ ಮಾಡಬೇಕು. ಸಮುದಾಯ ಟಿವಿಗೆ ಅಂಥ ನೀತಿಯೂ ಇಲ್ಲ. ಇರೋದು ಕೇಬಲ್ ಕಂಪನಿಗಳ ಸ್ವಂತ ಚಾನೆಲ್‌ಗಳಿಗೆ 2022ರ ನವೆಂಬರ್‌ನಲ್ಲಿ ಬಂದ ನಿಯಮ. ಒಂದು ಚಾನೆಲ್ ನೋಂದಣಿಗೆ ಬರೀ ಒಂದು ಸಾವಿರ ರೂಪಾಯಿ. ಅಗ್ಗವೇ. ಆದ್ರೆ ಆ ಜಾಗ ಕೇಬಲ್ ಕಂಪನಿಯ ಸೊತ್ತು. ಅವರು ಕೊಟ್ಟರೆ ಉಂಟು, ಇಲ್ಲಾಂದ್ರೆ ಇಲ್ಲ.

ಆ ಜಾಗದಲ್ಲಿ ಈಗ ನಡೆಯೋದು ಏನು ಅಂತ ನನ್ನ ಜೊತೆ ಪಿಯುಸಿ ಓದಿದ ಗೆಳೆಯನನ್ನ ಕೇಳಿ. ಅವನು ತಾಲ್ಲೂಕು ಮಟ್ಟದ ಕೇಬಲ್ ಚಾನೆಲ್ ಒಂದನ್ನ ಕೆಲವು ವರ್ಷ ನಡೆಸಿದ. ದುಡ್ಡು ಬರೋದು ನಾಲ್ಕು ಕಡೆಯಿಂದ: ಮುಖಂಡರ ಹುಟ್ಟುಹಬ್ಬದ ಶುಭಾಶಯ, ಬಂಗಾರದ ಅಂಗಡಿ, ಬೈಕ್ ಶೋರೂಂ, ಖಾಸಗಿ ಆಸ್ಪತ್ರೆ. ಒಮ್ಮೆ ಒಂದು ಆಸ್ಪತ್ರೆಯಲ್ಲಿ ಬಾಣಂತಿಯ ಮನೆಯವರು ಗಲಾಟೆ ಮಾಡಿದ್ದನ್ನ ಇವನು ತೋರಿಸಿದ, ಎರಡೂ ಕಡೆಯವರ ಮಾತು ಹಾಕಿದ. ಮರುದಿನ ಆ ಆಸ್ಪತ್ರೆಯ ಜಾಹೀರಾತು ನಿಂತಿತು, ವಾರದಲ್ಲಿ ಮತ್ತೆ ಎರಡು ಆಸ್ಪತ್ರೆಯದ್ದೂ ನಿಂತಿತು. "ಸುದ್ದಿ ಹಾಕಿದ್ರ ಹೊಟ್ಟಿಗಿಲ್ಲ, ಹುಟ್ಟುಹಬ್ಬ ಹಾಕಿದ್ರ ಮಾನ ಇಲ್ಲ. ಎರಡರಾಗ ಯಾವುದು ಬಿಡ್ಲಿ ನೀನೇ ಹೇಳು" ಅಂದ. ಈಗ ಅವನು ರಸಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವನ ಕ್ಯಾಮೆರಾ ಮದುವೆ ಶೂಟಿಂಗ್‌ಗೆ ಬಾಡಿಗೆಗೆ ಹೋಗುತ್ತೆ.

ಈ ಎಲ್ಲ ಕತೆಗಳಲ್ಲಿ ಒಂದೇ ಪಾಠ ಇದೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಕ್ಯಾಪೆಕ್ಸ್‌ಗೆ ದುಡ್ಡು ಸಿಗುತ್ತೆ, ಒಪೆಕ್ಸ್‌ಗೆ ಸಿಗಲ್ಲ. ಕ್ಯಾಮೆರಾ, ಆಂಟೆನಾ, ಉಪಗ್ರಹ ಎಲ್ಲಕ್ಕೂ ಯಾರಾದರೂ ರಿಬ್ಬನ್ ಕತ್ತರಿಸೋಕೆ ಬರ್ತಾರೆ. ಮೂರನೇ ವರ್ಷದ ಮಾರ್ಚ್ ತಿಂಗಳ ಸಂಬಳ ಕೊಡೋಕೆ ಯಾರೂ ಬರಲ್ಲ. ಹಳ್ಳಿಗಳಿಗೆ ಫೈಬರ್ ಎಳೆಯೋದರಲ್ಲೂ ಇದೇ ಕತೆ. ಟೆಲಿಕಾಂ ಕಂಪನಿಗಳು ತಮ್ಮ ಹೊಂದಾಣಿಕೆಯಾದ ಆದಾಯದ 5% ಅನ್ನ ಗ್ರಾಮೀಣ ಸಂಪರ್ಕದ ನಿಧಿಗೆ ಕಟ್ಟಬೇಕು. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ 'ಡಿಜಿಟಲ್ ಭಾರತ್ ನಿಧಿ' ಅಂತ ಹೊಸ ಹೆಸರಿಟ್ಟಿದೆ. ಆ ನಿಧಿಯಿಂದಲೇ ಭಾರತ್‌ನೆಟ್ ಕೇಬಲ್ ಪಂಚಾಯಿತಿ ಬಾಗಿಲಿಗೆ ಬಂದಿದೆ. ನಾಲೆ ತೋಡಲಿಕ್ಕೆ ದುಡ್ಡು ಇದೆ. ಅದರಲ್ಲಿ ಯಾರ ನೀರು ಹರಿಯಬೇಕು ಅಂತ ಯಾರೂ ಕೇಳಲಿಲ್ಲ. ಈಗ ಹರೀತಿರೋದು ಬರೀ ಮೇಲಿನಿಂದ ಕೆಳಕ್ಕೆ, ಬೆಂಗಳೂರು, ಮುಂಬೈಯಿಂದ ನೀರಮಾನ್ವಿಗೆ. ನಾವು ಇಲ್ಲೂ ಕೊನೆ ಭಾಗದವರೇ.

ಬೇರೆ ಕಡೆ ಇದಕ್ಕೆ ದಾರಿ ಹುಡುಕಿದ್ದಾರಾ? ಅಮೆರಿಕದಲ್ಲಿ 1984ರ ಕೇಬಲ್ ಕಾಯ್ದೆ ಒಂದು ಸರಳ ಮಾತು ಹೇಳ್ತು. ಕೇಬಲ್ ಕಂಪನಿ ಊರಿನ ರಸ್ತೆ ಅಗೆದು, ಊರಿನ ಕಂಬ ಬಳಸಿ ವ್ಯಾಪಾರ ಮಾಡುತ್ತೆ. ಆದ್ದರಿಂದ ಆ ಊರಿನ ಆಡಳಿತ ಕಂಪನಿಯ ಕೇಬಲ್ ಆದಾಯದಲ್ಲಿ 5% ವರೆಗೆ ಶುಲ್ಕ ಕೇಳಬಹುದು, ಜನರಿಗೆ, ಶಾಲೆಗೆ, ಊರಿನ ಆಡಳಿತಕ್ಕೆ ಅಂತ ಚಾನೆಲ್ ಜಾಗವನ್ನೂ ಕೇಳಬಹುದು. ಆ ದುಡ್ಡಲ್ಲೇ ಅಲ್ಲಿ ನೂರಾರು ಊರುಗಳಲ್ಲಿ ಸಾರ್ವಜನಿಕ ಟಿವಿ ಚಾನೆಲ್‌ಗಳು ಬೆಳೆದವು. ಊರ ಸಭೆ ನೇರ ಪ್ರಸಾರ, ಹೈಸ್ಕೂಲ್ ಆಟ, ಯಾರು ಬೇಕಾದರೂ ಬಂದು ಕ್ಯಾಮೆರಾ ಕಲಿತು ಕಾರ್ಯಕ್ರಮ ಮಾಡುವ ಸ್ಟುಡಿಯೋ.

ಆದ್ರೆ ಅವರ ಈಗಿನ ಸಂಕಟದಿಂದಲೂ ನಾವು ಕಲಿಯೋದಿದೆ. ಶುಲ್ಕವನ್ನ ಕೇಬಲ್ ಟಿವಿ ಬಿಲ್ಲಿಗೆ ಕಟ್ಟಿಹಾಕಿದ್ದರಿಂದ, ಜನ ಕೇಬಲ್ ಬಿಟ್ಟು ಸ್ಟ್ರೀಮಿಂಗ್‌ಗೆ ಹೋದಂತೆಲ್ಲ ಆ ದುಡ್ಡು ಕರಗುತ್ತಿದೆ. ಅದೇ ರಸ್ತೆ, ಅದೇ ಕಂಬ, ಅದೇ ವೈರು. ಒಳಗೆ ಹರಿಯೋ ಸರಕಿನ ಹೆಸರು ಬದಲಾಯ್ತು ಅಂತ ಬಾಡಿಗೆ ಮಾಫಿಯಾಗಿಬಿಟ್ಟಿತು. ಅದಕ್ಕೇ ನಾವು ಬಾಡಿಗೆಯನ್ನ ವೈರಿಗೆ ಹಾಕಬೇಕು. ಆ ವೈರಿನಲ್ಲಿ ಧಾರಾವಾಹಿ ಬರಲಿ, ರೀಲ್ಸ್ ಬರಲಿ, ಆಫೀಸಿನ ಮೀಟಿಂಗ್ ಬರಲಿ, ಬೀದಿ ಬಳಸಿದ್ದಕ್ಕೆ ಬಾಡಿಗೆ.

ನಮ್ಮಲ್ಲಿ ಇದಕ್ಕೆ ಕಾನೂನಿನ ಜಾಗ ಇದೆಯಾ? ಇದೆ. ಜಿಎಸ್‌ಟಿಗಾಗಿ ಸಂವಿಧಾನಕ್ಕೆ 101ನೇ ತಿದ್ದುಪಡಿ ತಂದಾಗ ಮನರಂಜನಾ ತೆರಿಗೆಯನ್ನ ರಾಜ್ಯಗಳ ಕೈಯಿಂದ ತೆಗೆದರು. ಆದ್ರೆ ಪಂಚಾಯಿತಿ, ಪುರಸಭೆಗಳು ವಿಧಿಸಿ ವಸೂಲಿ ಮಾಡುವ ಮನರಂಜನಾ ತೆರಿಗೆಯನ್ನ ಹಾಗೇ ಉಳಿಸಿದರು. ಅಂದ್ರೆ ಕೇಬಲ್ ಟಿವಿ ಮಟ್ಟಿಗೆ ಊರಿನ ಪಾಲು ಕೇಳುವ ಬಾಗಿಲು ತೆರೆದೇ ಇದೆ. ರಾಜ್ಯ ವಿಧಾನಸಭೆ ಅದಕ್ಕೆ ದರ, ನಿಯಮ, ಉದ್ದೇಶ ಬರೆದು ಕೊಡಬೇಕು ಅಷ್ಟೇ. ಬ್ರಾಡ್‌ಬ್ಯಾಂಡ್ ವಿಷಯ ದೆಹಲಿಯದ್ದು. ಅಲ್ಲಿ ಹೊಸ ತೆರಿಗೆ ಬೇಕಿಲ್ಲ, ಡಿಜಿಟಲ್ ಭಾರತ್ ನಿಧಿಯ ಉದ್ದೇಶಗಳ ಪಟ್ಟಿಗೆ 'ಸ್ಥಳೀಯ ಕಾರ್ಯಕ್ರಮ ತಯಾರಿ' ಅನ್ನೋ ಒಂದು ಸಾಲು ಸೇರಿಸಿದರೆ ಆಯ್ತು. ಡಿಟಿಎಚ್ ಕಂಪನಿಗಳೂ ತಮ್ಮ ಆದಾಯದ 8% ಲೈಸೆನ್ಸ್ ಶುಲ್ಕವಾಗಿ ಕೇಂದ್ರಕ್ಕೆ ಕಟ್ಟುವ ನಿಯಮ ಇದೆ. ಗಾಳಿಯ ತರಂಗ ಸಾರ್ವಜನಿಕ ಸೊತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಸಾರ್ವಜನಿಕ ಸೊತ್ತಿನ ಬಾಡಿಗೆ ಈಗಲೂ ವಸೂಲಾಗ್ತಿದೆ. ಹೋಗುವ ವಿಳಾಸ ಮಾತ್ರ ನಮ್ಮದಲ್ಲ.

ಈಗ ದುಡ್ಡು ಸಾಲುತ್ತಾ ನೋಡೋಣ. ಇದು ನನ್ನ ಅಂದಾಜು, ನಿಮ್ಮ ಎಕ್ಸೆಲ್‌ನಲ್ಲಿ ಬದಲಿಸಿ ನೋಡಿ. 130 ರೂಪಾಯಿಯ 5% ಅಂದ್ರೆ ಆರೂವರೆ ರೂಪಾಯಿ. ಒಂದು ವಿಧಾನಸಭಾ ಕ್ಷೇತ್ರದಲ್ಲಿ 20,000 ಸಂಪರ್ಕ ಅಂತ ಹಿಡಿದರೆ ತಿಂಗಳಿಗೆ 1.3 ಲಕ್ಷ, ವರ್ಷಕ್ಕೆ 15.6 ಲಕ್ಷ. ಎರಡನೆಯದು 371(ಜೆ) ದುಡ್ಡು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್‌ನಲ್ಲಿ ಘೋಷಿಸಿದ್ದು 5,000 ಕೋಟಿ. ಅದರಲ್ಲಿ ಸಾವಿರ ರೂಪಾಯಿಗೆ ಒಂದೇ ಒಂದು ರೂಪಾಯಿ ಎತ್ತಿಟ್ಟರೆ 5 ಕೋಟಿ. ನಮ್ಮ ಏಳು ಜಿಲ್ಲೆಗಳ 41 ಕ್ಷೇತ್ರಗಳಿಗೆ ಹಂಚಿದರೆ ತಲಾ 12 ಲಕ್ಷಕ್ಕೂ ಸ್ವಲ್ಪ ಹೆಚ್ಚು. ಎರಡೂ ಸೇರಿ ಒಂದು ಕ್ಷೇತ್ರಕ್ಕೆ ವರ್ಷಕ್ಕೆ ಸುಮಾರು 28 ಲಕ್ಷ.

ಖರ್ಚು? ಆರು ಜನಕ್ಕೆ ಸರಾಸರಿ 20,000 ಸಂಬಳ, ವರ್ಷಕ್ಕೆ 14.4 ಲಕ್ಷ. ಬಾಡಿಗೆ, ಕರೆಂಟು, ಇಂಟರ್ನೆಟ್, ಓಡಾಟಕ್ಕೆ 5 ಲಕ್ಷ. ಹಳ್ಳಿಹಳ್ಳಿಯಿಂದ ವಿಡಿಯೋ ಕಳಿಸುವ ಹುಡುಗ ಹುಡುಗಿಯರಿಗೆ ಗೌರವಧನ 3 ಲಕ್ಷ. ಸಲಕರಣೆ ರಿಪೇರಿಗೆ, ಹೊಸದು ಕೊಳ್ಳೋಕೆ ಎತ್ತಿಡೋದು 4 ಲಕ್ಷ. ಒಟ್ಟು 26.4 ಲಕ್ಷ. ನಡೆಯುತ್ತೆ! ಅಂಗಡಿಗಳ ಜಾಹೀರಾತು ಬಂದರೆ ಅದು ಮೇಲೋಗರ, ಅನ್ನ ಅಲ್ಲ. ನನ್ನ ಗೆಳೆಯನಿಗೆ ಆಗಿದ್ದು ಅದೇ ತಾನೇ, ಮೇಲೋಗರದಲ್ಲೇ ಹೊಟ್ಟೆ ತುಂಬಿಸಿಕೊಳ್ಳೋಕೆ ಹೋಗಿ ಉಪವಾಸ ಬಿದ್ದ.

ಇನ್ನು ನಿಮ್ಮ ತಕರಾರುಗಳು. ಮೊದಲನೆಯದು, "ಯೂಟ್ಯೂಬ್ ಇದೆಯಲ್ಲ ಗುರು, ಫ್ರೀ." ಹಾಕೋಕೆ ಫ್ರೀ, ಬದುಕೋಕೆ ಫ್ರೀ ಅಲ್ಲ. ಅಲ್ಲಿ ದುಡ್ಡು ಬರೋದು ಎಷ್ಟು ಜನ ನೋಡಿದರು ಅನ್ನೋದರ ಮೇಲೆ. ನೀರಮಾನ್ವಿ ಗ್ರಾಮಸಭೆಯ ವಿಡಿಯೋವನ್ನ ನೀರಮಾನ್ವಿಯ ಪ್ರತಿಯೊಬ್ಬರೂ, ತೊಟ್ಟಿಲ ಕೂಸೂ ಸೇರಿ ನೋಡಿದರೂ ಆ ಲೆಕ್ಕದಲ್ಲಿ ಅದು ಸೋತ ವಿಡಿಯೋ. ಸ್ಕೇಲ್ ಆಗದೇ ಇರೋದು ಸಾಯಲಿ ಅನ್ನೋದು ನಮ್ಮ ವೃತ್ತಿಯ ಧರ್ಮ. ಊರಿನ ಚರಂಡಿ ಸ್ಕೇಲ್ ಆಗಲ್ಲ, ಅಂಗನವಾಡಿ ಸ್ಕೇಲ್ ಆಗಲ್ಲ, ಹಾಗಂತ ಮುಚ್ತೀವಾ? ಬದುಕಲೇಬೇಕು ಅಂದ್ರೆ ಯೂಟ್ಯೂಬಿನವನು ಜಗಳ, ಗಾಳಿಸುದ್ದಿ, ದೊಡ್ಡ ಅಕ್ಷರದ ತಲೆಬರಹ ಹಾಕಬೇಕಾಗುತ್ತೆ, ಈಗ ಹಾಕ್ತಿದ್ದಾರೆ ಕೂಡ. ಚಾನೆಲ್‌ನ ವಿಡಿಯೋಗಳನ್ನ ಯೂಟ್ಯೂಬಿಗೂ ಹಾಕೋಣ, ಬೇಡ ಅಂದೋರು ಯಾರು? ಅದು ಅಂಗಡಿಯ ಗಲ್ಲಾಪೆಟ್ಟಿಗೆ ಆಗಬಾರದು, ಅಷ್ಟೇ.

ಎರಡನೆಯದು, "ಸರ್ಕಾರದ ದುಡ್ಡು ತಗೊಂಡ್ರೆ ಸರ್ಕಾರದ ತುತ್ತೂರಿ ಆಗುತ್ತೆ." ಇದು ನಿಜವಾದ ಭಯ, ಇದಕ್ಕೆ ನಾನು ತಲೆಬಾಗ್ತೀನಿ. ಅದಕ್ಕೇ ಅನುದಾನ ಅನ್ನೋ ಪದವೇ ಬೇಡ ಅಂತಿರೋದು. ಅನುದಾನಕ್ಕೆ ಅರ್ಜಿ ಬೇಕು, ಅರ್ಜಿಗೆ ಸಹಿ ಬೇಕು, ಸಹಿ ಹಾಕೋನಿಗೆ ನಮಸ್ಕಾರ ಬೇಕು. ಸೂತ್ರದ ಪ್ರಕಾರ ಬರುವ ಪಾಲಿಗೆ ನಮಸ್ಕಾರ ಬೇಕಿಲ್ಲ. ಸಂಪರ್ಕ ಇಷ್ಟು, ಆದ್ದರಿಂದ ದುಡ್ಡು ಇಷ್ಟು. ಮಂಡಳಿಯ ಪಾಲನ್ನ ಮೂರು ವರ್ಷಕ್ಕೆ ಒಟ್ಟಿಗೆ ಮೊದಲೇ ಗೊತ್ತು ಮಾಡಬೇಕು, ನಡುವೆ ಶಾಸಕರು ಸಿಟ್ಟಾದರೂ ನಿಲ್ಲಿಸೋಕೆ ಆಗಬಾರದು. ದುಡ್ಡು ಪಂಚಾಯಿತಿ ಖಾತೆಗೆ ಬೀಳದೆ ಒಂದು ಟ್ರಸ್ಟಿನ ಖಾತೆಗೆ ಬೀಳಬೇಕು. ಅಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಮೇಷ್ಟ್ರು, ರೈತರು, ತಾಂಡಾ ಮತ್ತು ಕೇರಿಯ ಪ್ರತಿನಿಧಿಗಳು ಎರಡೆರಡು ವರ್ಷಕ್ಕೆ ಬದಲಾಗುತ್ತಾ ಇರಬೇಕು. ಚುನಾಯಿತರು, ಪಕ್ಷದ ಪದಾಧಿಕಾರಿಗಳು, ಗುತ್ತಿಗೆದಾರರು ಬೇಡ. ಹುಟ್ಟುಹಬ್ಬದ ಶುಭಾಶಯಕ್ಕೆ ಪೂರ್ತಿ ನಿಷೇಧ. ತಿಂಗಳ ಜಮಾಖರ್ಚು ಅದೇ ಚಾನೆಲ್‌ನಲ್ಲಿ ಓದಿ ಹೇಳಬೇಕು, ಸಾಕ್ಷರತೆ 59% ಇರೋ ಜಿಲ್ಲೆಯಲ್ಲಿ ವೆಬ್‌ಸೈಟಿಗೆ ಪಿಡಿಎಫ್ ಹಾಕಿದರೆ ಆಗಲ್ಲ.

ಮೂರನೆಯದು, "ಇದನ್ನ ಯಾರು ನೋಡ್ತಾರೆ?" ದಿನಾ ಎಲ್ಲರೂ ನೋಡಲ್ಲ, ಒಪ್ಪಿದೆ. ಫೈರ್ ಎಂಜಿನ್ನನ್ನೂ ದಿನಾ ಯಾರೂ ಕರೆಯಲ್ಲ. ಆದರೂ ನಮ್ಮ ಜನ ನೋಡೋದು ಏನು ಅಂತ ನನಗೆ ಗೊತ್ತು. ಮೊಹರಂನ ರಿವಾಯತ್ ಪದ, ರಾತ್ರಿಯಿಡೀ ನಡೆಯುವ ಬಯಲಾಟ, ತತ್ವಪದ ಹಾಡೋ ಅಜ್ಜ, ಯಲ್ಲಮ್ಮನ ಜಾತ್ರೆ, ಎಪಿಎಂಸಿಯಲ್ಲಿ ಇವತ್ತು ಹತ್ತಿಗೆ ಎಷ್ಟು, ಎಸ್‌ಎಸ್‌ಎಲ್‌ಸಿಯಲ್ಲಿ ಯಾರ ಮಗಳು ಪಾಸಾದಳು. ಬೇರೆಯವರ ಮನೆ ಜಗಳವನ್ನ ಧಾರಾವಾಹಿ ಅಂತ ವರ್ಷಗಟ್ಟಲೆ ನೋಡುವ ಜನ ತಮ್ಮ ಪಂಚಾಯಿತಿ ಸಭೆಯ ಜಗಳ ನೋಡಲ್ಲ ಅಂತ ನಂಬೋಕೆ ನಾನು ತಯಾರಿಲ್ಲ.

ನಾಲ್ಕನೆಯದು, "ಮತ್ತೊಂದು ತೆರಿಗೆನಾ?" ಹಳಬರನ್ನ ಕೇಳಿ. ಒಂದು ಕಾಲದಲ್ಲಿ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳೋಕೂ ಲೈಸೆನ್ಸ್ ಇತ್ತು, ವರ್ಷಾ ವರ್ಷಾ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಬರಬೇಕಿತ್ತು. ನಮ್ಮಜ್ಜನಂಥ ಒಣಬೇಸಾಯದ ರೈತರೂ ಕಟ್ಟಿದ್ದಾರೆ. ದೆಹಲಿಯ ವಾರ್ತೆ ಕೇಳೋಕೆ ಅವರು ಕಟ್ಟಿದರು. ಸ್ವಂತ ಊರಿನ ವಾರ್ತೆಗೆ ತಿಂಗಳಿಗೆ ಆರೂವರೆ ರೂಪಾಯಿ ನಮಗೆ ಭಾರನಾ? ಅದನ್ನೂ ಗಿರಾಕಿಯ ಮೇಲೆ ಹೊರಿಸದೆ ಕಂಪನಿಯ ಆದಾಯದಿಂದಲೇ ಕೊಡಿಸಬೇಕು ಅನ್ನೋದು ನನ್ನ ಮಾತು.

ಇದನ್ನೆಲ್ಲ ಬೆಂಗಳೂರಿನ ನಿಮಗೆ ಯಾಕೆ ಹೇಳ್ತಿದ್ದೀನಿ? ನಿಮ್ಮಲ್ಲಿ ಅರ್ಧ ಜನ ನನ್ನ ಹಾಗೆ ಎಲ್ಲಿಂದಲೋ ಬಂದವರು. ಊರಿಗೆ ದುಡ್ಡು ಕಳಿಸ್ತೀರಿ, ಗುಡಿ ಜೀರ್ಣೋದ್ಧಾರಕ್ಕೆ, ಶಾಲೆ ಬೆಂಚಿಗೆ ಕೊಡ್ತೀರಿ. ನಿಮ್ಮ ಕಂಪನಿಗೆ ಸಿಎಸ್‌ಆರ್ ಅಂತ 2% ಖರ್ಚು ಮಾಡೋ ಕಾನೂನು ಇದೆ. ಆ ದುಡ್ಡಲ್ಲಿ ಕ್ಯಾಮೆರಾ ಕೊಡಿಸೋಣ ಅಂತ ನಿಮಗೆ ಉತ್ಸಾಹ ಬರಬಹುದು. ದಯವಿಟ್ಟು ಅಲ್ಲಿಗೇ ನಿಲ್ಲಿಸಬೇಡಿ. ಕ್ಯಾಮೆರಾ ಕೊಟ್ಟು ಫೋಟೋ ತೆಗೆಸಿಕೊಂಡು ಬಂದರೆ ನನ್ನ ಗೆಳೆಯನ ಕ್ಯಾಮೆರಾದ ಪಕ್ಕ ಇನ್ನೊಂದು ಮದುವೆ ಕ್ಯಾಮೆರಾ ಸೇರುತ್ತೆ. ಕೊಡೋದೇ ಆದರೆ ನಿಮ್ಮ ಕೆಲಸ ಕೊಡಿ: ಪ್ರಸಾರದ ಸಾಫ್ಟ್‌ವೇರ್ ಕೂರಿಸಿ, ಹಳೇ ವಿಡಿಯೋಗಳನ್ನ ಹುಡುಕೋ ಹಾಗೆ ಜೋಡಿಸಿಡಿ, ಲೆಕ್ಕ ಬರೆಯೋದು ಕಲಿಸಿ. ಸಂಬಳದ ದುಡ್ಡಿಗೆ ಮಾತ್ರ ಕಾನೂನೇ ಬೇಕು, ದಾನ ಅಲ್ಲ.

ಕಾನೂನು ಮಾಡೋರು ಐದು ವರ್ಷಕ್ಕೊಮ್ಮೆ ನಮ್ಮ ಓಟಿಗೆ ಬರ್ತಾರೆ. ಓಟು ಹಾಕೋಕೆ ಬಸ್ಸು ಹತ್ತಿ ಊರಿಗೆ ಹೋಗೋರು ನೀವು. ಮುಂದಿನ ಸಲ ಹೋದಾಗ ಮನೆ ಮುಂದೆ ಕೈ ಮುಗಿದು ನಿಲ್ಲೋರನ್ನ ರಸ್ತೆ, ಚರಂಡಿ ಜೊತೆ ಇದನ್ನೂ ಕೇಳಿ: ಪಂಚಾಯಿತಿಗೆ ಮನರಂಜನಾ ತೆರಿಗೆ ಹಾಕೋ ಅಧಿಕಾರವನ್ನ ಸಂವಿಧಾನ ಉಳಿಸಿದೆಯಲ್ಲ, ಕೇಬಲ್ ಮೇಲೆ ಅದಕ್ಕೆ ನಿಯಮ ಯಾವಾಗ ಮಾಡ್ತೀರಿ? 371(ಜೆ) ದುಡ್ಡಲ್ಲಿ ಸಾವಿರಕ್ಕೆ ಒಂದು ರೂಪಾಯಿ ಊರಿನ ಚಾನೆಲ್‌ಗೆ ಅಂತ ಸದನದಲ್ಲಿ ಕೇಳ್ತೀರಾ ಇಲ್ವಾ? ಉತ್ತರ ಹೇಳುವಾಗ ಫೋನ್ ಕ್ಯಾಮೆರಾ ಆನ್ ಇರಲಿ. ಚಾನೆಲ್ ಬಂದ ದಿನ ಮೊದಲ ಕಾರ್ಯಕ್ರಮವಾಗಿ ಅದನ್ನೇ ಹಾಕೋಣ.